ಎರಡನೆಯ ಕ್ಯಾನು

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲಿಗೆ ಕಾಯುತ್ತಿದ್ದ ಅನಸೂಯಮ್ಮನ ಬೆಂಚಿನಲ್ಲೇ ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಾಕೆ ಅವರಿಬ್ಬರ ಹಳ್ಳಿಯ ಮಹಿಳಾ ಹಾಲು ಸಂಘದ ಅಧ್ಯಕ್ಷೆಯೆಂದು ಮಾತಿನಲ್ಲೇ ತಿಳಿಯಿತು.

“ನಾಳೆಯಿಂದ ನಾನು ಡೇರಿಗೆ ಬರಲ್ಲ ಕಣಕ್ಕಾ.”

“ಯಾಕೆ ಕದಿರಮ್ಮ?”

“ನಮ್ ಕೇರಿ ಆಲಿಗೆ ಬೇರೆ ಕ್ಯಾನು ತರಕ್ಕೇ ಅಲ್ವಾ ಸಂಘದೋರು ನಿಮ್ಮನ್ನ ಪೇಟೆಗೆ ಕಳಿಸಿದ್ದು?”

“ಊಂ. ತಂದಿದೀನಾ, ನೋಡು.”

ಕದಿರಮ್ಮ ಅವಳ ಬರಿಗೈ ನೋಡಿದಳು.

“ಸಂಘದೋರು ಕೇಳಿದ್ರೆ ಏನಂತೀರಿ?”

“ನಾಳೆ ಇರೋ ಒಂದೇ ಕ್ಯಾನಿಗೆ ನೀನೇ ಮೊದಲು ಆಲು ಉಯ್ಯಿ. ಅದರ ಮೇಲೆ ನಮ್ಮನೆ ಆಲು ಉಯ್ತೀನಿ. ಆಮೇಲೆ ಬೇರೆ ಮಾಡೋರು ಮಾಡ್ಲಿ.”

“ನಿಮ್ಮತ್ತೆ ಮನೆಗೆ ಸೇರಿಸ್ತಾರಾ?”



“ಸೇರಿಸ್ದಿದ್ರೆ ನಿಮ್ಮನೇಲಿ ಮುದ್ದೆ ಇಕ್ಕು.”

ಅವರ ಊರ ಕಡೆಯ ಮಾರಿಕುಪ್ಪಂ ರೈಲು ಬಂತು. ಹಿರಿಯಾಕೆ ಮೊದಲು ಹತ್ತಿ ಕೈ ಚಾಚಿದಳು. ಕದಿರಮ್ಮ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಆ ಕೈ ಹಿಡಿದಳು.