ಎಡಗಣ್ಣಿಗೆ ನೀಲಿ, ಬಲಗಣ್ಣಿಗೆ ತಾಮ್ರ

ಹೇಳಿಕೆ ಕೊಡುತ್ತಿರುವವಳು: ಕಾಣೆಯಾಗಿರುವವರ ತಂಗಿಯ ಮಗಳು
ವಯಸ್ಸು: 23 ವರ್ಷ
ವಿದ್ಯಾಭ್ಯಾಸ: ಬಿ.ಎ., ಸಾಹಿತ್ಯ
ಉದ್ಯೋಗ: ಮುದ್ರಣಾಲಯದಲ್ಲಿ ಕರಡು ತಿದ್ದುವುದು, ಅರ್ಧ ದಿನ
ವಾಸ: ನೀರಿನ ಟ್ಯಾಂಕಿನ ಹಿಂದೆ, ಎರಡನೇ ಅಡ್ಡರಸ್ತೆ, ಬೀಗ ರಿಪೇರಿ ಅಂಗಡಿಯ ಮೇಲಿನ ಮನೆ

ಇಂದು ಮಧ್ಯಾಹ್ನ 1.15ಕ್ಕೆ ನಾನು ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ. ಅದರಲ್ಲಿ ಒಂದು ಸಂಗತಿಯನ್ನು ಬಿಟ್ಟಿದ್ದೆ. ಆಮೇಲೆ ಫೋನಿನಲ್ಲಿ ಒಂದು ಸುಳ್ಳನ್ನೂ ಹೇಳಿದೆ. ಎರಡನ್ನೂ ಸರಿಪಡಿಸಿ ಈಗ ತಿಳಿಸುವುದೇನೆಂದರೆ:

ಕಾಣೆಯಾಗಿರುವವರು ನನ್ನ ದೊಡ್ಡಮ್ಮ, ವಯಸ್ಸು 68. ಮೂವತ್ತೊಂದು ವರ್ಷ ಹೊಲಿಗೆ ಕೆಲಸ ಮಾಡಿದವರು. ಮದುವೆಯಾಗಿಲ್ಲ. ನನ್ನ ತಾಯಿ ತೀರಿಕೊಂಡ ಮೇಲೆ, ನನಗೆ ಆರು ವರ್ಷವಿದ್ದಾಗಿನಿಂದ ನನ್ನನ್ನು ಸಾಕಿದ್ದಾರೆ. ಎಂಟು ತಿಂಗಳಿಂದ ಅವರಿಗೆ ಮರೆವು ಹೆಚ್ಚಾಗಿದೆ. ಒಬ್ಬರೇ ಹೋದರೆ ಮನೆಗೆ ವಾಪಸು ಬರುವ ದಾರಿ ತಿಳಿಯುವುದಿಲ್ಲ. ವಿಳಾಸ ಬರೆದ ಚೀಟಿ ಅವರ ಕೈಚೀಲದಲ್ಲಿ ಇರುತ್ತದೆ. ಕೈಚೀಲ ಈಗ ನನ್ನ ಬಳಿ ಇದೆ.

ಸೋಮವಾರ ಬೆಳಿಗ್ಗೆ 10 ಗಂಟೆಗೆ ನನಗೆ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಸ್ವಾಗತಕಾರಿಣಿ ಕೆಲಸದ ಸಂದರ್ಶನವಿದೆ. ಜಾಹೀರಾತಿನಲ್ಲಿ ಒಪ್ಪವಾದ ಅಲಂಕಾರ ಇರಬೇಕೆಂದು ಹಾಕಿದ್ದರು. ನನಗೆ ಅಲಂಕಾರದ ಅಭ್ಯಾಸವಿಲ್ಲ. ಆದ್ದರಿಂದ ಇಂದು 11.20ಕ್ಕೆ ದೊಡ್ಡಮ್ಮನನ್ನು ಕರೆದುಕೊಂಡು ಮನೆಯಿಂದ ಸುಮಾರು 600 ಮೀಟರ್ ದೂರದ ಔಷಧಿ ಅಂಗಡಿಗೆ ಹೋದೆ. ಅಂಗಡಿಯ ಮುಂದಿನ ಅರ್ಧದಲ್ಲಿ ಔಷಧಿ, ಹಿಂದಿನ ಅರ್ಧದಲ್ಲಿ ಸೋಪು, ಶಾಂಪೂ, ಅಲಂಕಾರದ ಸಾಮಾನು. ಕಡಿಮೆ ಬೆಲೆಯ ಐಶ್ಯಾಡೋ ಪ್ಯಾಲೆಟ್‌ಗಳು ನಾಲ್ಕು ಬಗೆಯವು ಇದ್ದವು. ಹಚ್ಚಿ ನೋಡಲೆಂದು ಒಂದೊಂದು ಬಗೆಯದೂ ಒಂದು ಪೆಟ್ಟಿಗೆಯನ್ನು ತೆರೆದಿಟ್ಟಿದ್ದರು.

ಮೊದಲು ನನ್ನ ಮುಂಗೈ ಮೇಲೆ ಹಚ್ಚಿ ನೋಡಿದೆ. ಕಣ್ಣಿಗೆ ಹಚ್ಚದೆ ತಿಳಿಯುವುದಿಲ್ಲವೆಂದು ಮಾರಾಟದ ಹುಡುಗಿ ಹೇಳಿ ಕನ್ನಡಿಯನ್ನು ನನ್ನ ಕಡೆ ತಿರುಗಿಸಿದಳು. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರು ನಿಂತಿದ್ದರು. ಅವರ ಎದುರು ಮುಖಕ್ಕೆ ಬಣ್ಣ ಹಚ್ಚಿಕೊಳ್ಳಲು ನನಗೆ ಆಗಲಿಲ್ಲ. ಆಗ ದೊಡ್ಡಮ್ಮ ಸ್ಟೂಲ್ ಎಳೆದುಕೊಂಡು ಕುಳಿತು, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ತನ್ನ ಕಣ್ಣಿಗೇ ಹಚ್ಚಿ ನೋಡೆಂದರು. ನಮ್ಮಿಬ್ಬರ ಮೈಬಣ್ಣ ಒಂದೇ, ಸುಕ್ಕನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದೂ ಹೇಳಿದರು.

ಸುಮಾರು 11.30ರಿಂದ 11.50ರವರೆಗೆ ನಾಲ್ಕನ್ನೂ ಹಚ್ಚಿ ನೋಡಿದೆ. ಮೊದಲನೆಯದರಲ್ಲಿ ಒಂಬತ್ತು ಕಂದು ಬಣ್ಣಗಳಿದ್ದವು, ರೆಪ್ಪೆಯ ಮೇಲೆ ಒಂಬತ್ತೂ ಒಂದೇ. ಎರಡನೆಯದು ಗುಲಾಬಿ, ಬಳಪದ ಪುಡಿಯಂತೆ ಕೆನ್ನೆಗೆಲ್ಲ ಉದುರಿತು. ಇವೆರಡನ್ನೂ ಕರವಸ್ತ್ರದಿಂದ ಒರೆಸಿದೆ, ಪೂರ್ತಿ ಹೋಯಿತು. ಮೂರನೆಯದರ ನವಿಲುನೀಲಿಯನ್ನು ಎಡಗಣ್ಣಿಗೆ ಹಚ್ಚಿದೆ. ಒಂದೇ ಸಲಕ್ಕೆ ಕೂತಿತು. ನಾಲ್ಕನೆಯದರ ತಾಮ್ರದ ಬಣ್ಣವನ್ನು ಬಲಗಣ್ಣಿಗೆ ಹಚ್ಚಿದೆ. ಅದರಲ್ಲಿ ಮಿನುಗು ಇತ್ತು. ಯಾವುದು ಒಳ್ಳೆಯದೆಂದು ನನಗೆ ತೀರ್ಮಾನ ಮಾಡಲಾಗಲಿಲ್ಲ. ಟ್ಯೂಬ್‌ಲೈಟಿನಲ್ಲಿ ಬಣ್ಣ ಗೊತ್ತಾಗುವುದಿಲ್ಲ, ಹೊಲಿಗೆ ಅಂಗಡಿಯಲ್ಲಿ ತಾನು ದಾರ ಹೊಂದಿಸುವಾಗಲೂ ಬಟ್ಟೆಯನ್ನು ಬಾಗಿಲಾಚೆ ಬಿಸಿಲಿಗೆ ಒಯ್ಯುತ್ತಿದ್ದೆ ಎಂದು ದೊಡ್ಡಮ್ಮ ಹೇಳಿದರು. ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಕಾಲೇಜು ಹುಡುಗಿಯರಲ್ಲಿ ಒಬ್ಬಳು ಅಜ್ಜಿ ಹೀರೋಯಿನ್ ಆಗಿಬಿಟ್ಟರೆಂದು ನಕ್ಕಳು. ಸೈಡ್ ರೋಲ್ ಸಿಕ್ಕರೂ ಸಾಕು, ಊಟ ಕೊಡುತ್ತಾರಲ್ಲ ಎಂದು ದೊಡ್ಡಮ್ಮ ಅವಳಿಗೆ ಹೇಳಿದರು. ಮಾರಾಟದ ಹುಡುಗಿಯೂ ನಕ್ಕಳು.

ನಾನು ಹೇಳಿದ್ದು: "ಒರೆಸ್ಕೊಂಡ್ಬಿಡು ದೊಡ್ಡಮ್ಮ. ಎಲ್ಲರೂ ನೋಡ್ತಿದಾರೆ."

ಅವರು ಹೇಳಿದ್ದು: "ನೋಡ್ಲಿ ಅಂತ ತಾನೆ ಹಚ್ಚಿದ್ದು?"

ಮಾರಾಟದ ಹುಡುಗಿಯಿಂದ ಹತ್ತಿಯ ಒಂದು ತುಂಡು ಪಡೆದು ಅವರ ಕೈಗಿಟ್ಟು, ನೀರಿನ ಬಾಟಲಿ ತರಲು ನಾನು ಮುಂದಿನ ಕೌಂಟರಿಗೆ ಹೋದೆ. ಆಗ 11.55. ಸಾಲಿನಲ್ಲಿ ನಾಲ್ಕು ಜನರಿದ್ದರು. 12.04ಕ್ಕೆ ವಾಪಸು ಬಂದಾಗ ಸ್ಟೂಲ್ ಖಾಲಿ ಇತ್ತು, ಕೈಚೀಲ ಅದರ ಕಾಲಿಗೆ ಒರಗಿಕೊಂಡಿತ್ತು. ಕನ್ನಡಕ ನನ್ನ ಕೈಯಲ್ಲೇ ಇತ್ತು. ಅಂಗಡಿಯ ಒಳಗೆ, ಹಿಂದಿನ ಓಣಿಯಲ್ಲಿ, ಎದುರಿನ ಬ್ಯಾಂಕಿನಲ್ಲಿ ಹುಡುಕಿದೆ. ಸಿಗಲಿಲ್ಲ.

ದೂರು ಬರೆಸುವಾಗ ಸೀರೆಯ ಬಣ್ಣ, ಎತ್ತರ, ಗಲ್ಲದ ಮೇಲಿನ ಮಚ್ಚೆ ಎಲ್ಲವನ್ನೂ ಹೇಳಿದೆ. ಕಣ್ಣಿನ ಬಣ್ಣವನ್ನು ಹೇಳಲಿಲ್ಲ. ಒರೆಸಿಕೊಂಡಿರುತ್ತಾರೆಂದು ಅಂದುಕೊಂಡೆ. ಪಕ್ಕದಲ್ಲಿ ನನ್ನ ಸೋದರಮಾವ ಕುಳಿತಿದ್ದರು ಎಂಬುದೂ ಒಂದು ಕಾರಣ. ತಮ್ಮ ಅಕ್ಕನನ್ನು ಈ ವಯಸ್ಸಿನಲ್ಲಿ ಬೀದಿ ಸುತ್ತಿಸುತ್ತೇನೆಂದು ಅವರು ಅದಾಗಲೇ ನನ್ನನ್ನು ಬಯ್ದಿದ್ದರು.

2.40ಕ್ಕೆ ಹೆಡ್ ಕಾನ್‌ಸ್ಟೆಬಲ್‌ರವರು ಫೋನ್ ಮಾಡಿದರು. ಬಸ್ ಕಂಡಕ್ಟರ್ ಒಬ್ಬರು ಠಾಣೆಗೆ ಬಂದು ತಮ್ಮ ಬಸ್ಸಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಇಳಿಯದೆ ಕುಳಿತಿದ್ದಾರೆ, ಕಣ್ಣಿಗೆ ಜೋರಾಗಿ ಬಣ್ಣ ಹಚ್ಚಿದ್ದಾರೆ ಎನ್ನುತ್ತಿದ್ದಾರೆ, ಸೀರೆ, ಮಚ್ಚೆ ಅವರು ಗಮನಿಸಿಲ್ಲವಂತೆ, ನಿಮ್ಮವರು ಬಣ್ಣ ಹಚ್ಚಿದ್ದರೇ ಎಂದು ಕೇಳಿದರು. ಮಾವ ಎದುರಿಗೇ ಇದ್ದರು. ಇಲ್ಲ ಸರ್, ಅಂಥದ್ದೆಲ್ಲ ನಮ್ಮ ಮನೆಯಲ್ಲಿ ಇಲ್ಲ ಎಂದೆ. ಹಾಗಾದರೆ ನಾಟಕದವರು ಯಾರೋ ಇರಬೇಕೆಂದು ಅವರು ಕಂಡಕ್ಟರರನ್ನು ಕಳಿಸಿಬಿಟ್ಟರು. ಇದರಲ್ಲಿ ಅವರ ತಪ್ಪಿಲ್ಲ.

4.35ಕ್ಕೆ ನಾನು ಮತ್ತೆ ಔಷಧಿ ಅಂಗಡಿಗೆ ಹೋದೆ. ಮಾರಾಟದ ಹುಡುಗಿ ಕೌಂಟರ್ ಒರೆಸುವಾಗ ಸಿಕ್ಕಿತೆಂದು ನಾನು ಕೊಟ್ಟಿದ್ದ ಹತ್ತಿಯನ್ನು ಕೊಟ್ಟಳು. ದೊಡ್ಡಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ಪ್ಯಾಲೆಟ್‌ಗಳ ಪಕ್ಕ ಇಟ್ಟಿದ್ದರಂತೆ. ಬಿಡಿಸಿ ನೋಡಿದೆ. ಎರಡು ಕಡೆಯೂ ಬಿಳಿಯಾಗಿತ್ತು, ಒಂದು ಚುಕ್ಕೆ ಬಣ್ಣವೂ ಇರಲಿಲ್ಲ. ಅಲ್ಲಿಂದ ಠಾಣೆಗೆ 1.2 ಕಿಲೋಮೀಟರ್. ಆಟೋ ಸಿಗಲಿಲ್ಲ, ನಡೆದು 5.05ಕ್ಕೆ ತಲುಪಿದೆ. ಬರುತ್ತ ಮಾವನಿಗೆ ಫೋನ್ ಮಾಡಿದ್ದರಿಂದ ಅವರೂ ಬಂದರು.

ಕಾಣೆಯಾದವರ ಎಡಗಣ್ಣಿನ ರೆಪ್ಪೆಯ ಮೇಲೆ ನವಿಲುನೀಲಿ, ಬಲಗಣ್ಣಿನ ರೆಪ್ಪೆಯ ಮೇಲೆ ತಾಮ್ರದ ಬಣ್ಣ ಇದೆ, ಹಚ್ಚಿದವಳು ನಾನೇ ಎಂದು ಹೆಡ್ ಕಾನ್‌ಸ್ಟೆಬಲ್‌ರವರಿಗೆ ಮಾವನ ಎದುರೇ ಹೇಳಿದೆ. ತುಂಬಾ ಎದ್ದು ಕಾಣುತ್ತದೆಯೇ ಎಂದು ಮಾವ ಮೆಲ್ಲಗೆ ಕೇಳಿದರು. "ಎದ್ದು ಕಂಡ್ರೆ ಒಳ್ಳೇದೇ ಅಲ್ವೇನ್ರಿ, ಹುಡುಕೋರು ನಾವು," ಎಂದರು ಹೆಡ್ ಕಾನ್‌ಸ್ಟೆಬಲ್‌ರವರು.

ಅವರು ಡಿಪೋದಿಂದ ಕಂಡಕ್ಟರರ ನಂಬರ್ ಪಡೆದು 5.30ಕ್ಕೆ ಫೋನ್ ಮಾಡಿ ನನಗೆ ಕೊಟ್ಟರು. ಕಂಡಕ್ಟರ್ ತಿಳಿಸಿದ್ದು ಹೀಗಿದೆ. ಆ ಹೆಂಗಸು ಹನ್ನೆರಡರ ಹೊತ್ತಿಗೆ ಔಷಧಿ ಅಂಗಡಿಯ ಬಾಗಿಲ ಮುಂದಿರುವ ನಿಲ್ದಾಣದ ಬಿಸಿಲಿನಲ್ಲಿ ನಿಂತು ಬಸ್ಸಿಗೆ ಕಾಯುತ್ತಿದ್ದ ಹೆಂಗಸರನ್ನು ಮಾತಾಡಿಸುತ್ತ ಅವರ ಜೊತೆಗೇ ಹತ್ತಿದರು. ಅವರಲ್ಲೊಬ್ಬರು ಇವರಿಗೂ ಟಿಕೆಟ್ ತೆಗೆಸಿದರು. ಆಗಿನಿಂದ ಬಾಗಿಲ ಪಕ್ಕದ ಸೀಟಿನಲ್ಲಿದ್ದಾರೆ. ನಮ್ಮ ಹುಡುಗಿಗೆ ಸೋಮವಾರ ಕೆಲಸದ ಸಂದರ್ಶನವಿದೆ, ಅವಳ ಬಣ್ಣವೂ ನನ್ನದೇ, ಯಾವ ಕಣ್ಣು ಚೆನ್ನಾಗಿದೆ ನೋಡಿ ಹೇಳಿ ಎಂದು ಹತ್ತಿದ ಹೆಂಗಸರನ್ನೆಲ್ಲ ಕೇಳುತ್ತಾರೆ. ಕೇಳಿದವರೆಲ್ಲ ಬಗ್ಗಿ ನೋಡಿ ಹೇಳಿದ್ದಾರೆ. ಎಲ್ಲಿ ಇಳಿಯುತ್ತೀರೆಂದರೆ ಹುಡುಗಿಗೆ ಗೊತ್ತು ಎನ್ನುತ್ತಾರೆ.

2.40ರ ಫೋನಿನ ನಂತರ ಠಾಣೆಯಿಂದ ಬಸ್ಸಿಗೆ ಮರಳಿದ ಕಂಡಕ್ಟರ್, ಅಜ್ಜಿ, ನಿಮ್ಮನ್ನು ಯಾರೂ ಹುಡುಕುತ್ತಿಲ್ಲವಂತೆ ಎಂದು ಅವರಿಗೆ ಹೇಳಿದ್ದರು. ಅದಕ್ಕೆ ದೊಡ್ಡಮ್ಮ ಕೊಟ್ಟ ಉತ್ತರವನ್ನು ಕಂಡಕ್ಟರ್ ನನಗೆ ಹೇಳಿದಂತೆಯೇ ಬರೆಸುತ್ತಿದ್ದೇನೆ:

"ಅವಳು ಒಳಗಡೆ ಬಣ್ಣ ನೋಡ್ತಿದಾಳಪ್ಪ. ಇನ್ನೂ ಮುಗಿದಿಲ್ಲ ಅನ್ಸತ್ತೆ."

ದೊಡ್ಡಮ್ಮನ ಕೈಗೆ ಫೋನ್ ಕೊಡಲು ಕೇಳಿದೆ. ಈಗ ಬೇಡ, ಇನ್ನಿಬ್ಬರನ್ನು ಕೇಳುವುದಿದೆ, ಸದ್ಯಕ್ಕೆ ಹದಿಮೂರು ಜನ ನೀಲಿ, ಒಂಬತ್ತು ಜನ ತಾಮ್ರ ಎಂದು ತಿಳಿಸಲು ಹೇಳಿದರಂತೆ.

ಬಸ್ಸು ಒಂದು ಸುತ್ತಿಗೆ ಒಂದು ಗಂಟೆ ನಲವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಠಾಣೆಯ ಎದುರಿನ ನಿಲ್ದಾಣಕ್ಕೆ 6.00ಕ್ಕೆ ಬರುತ್ತದೆ. ಅವರನ್ನು ಅಲ್ಲಿಯವರೆಗೆ ಇಳಿಯಲು ಬಿಡುವುದಿಲ್ಲವೆಂದು ಕಂಡಕ್ಟರ್ ಮಾತು ಕೊಟ್ಟಿದ್ದಾರೆ.

ಹೇಗೂ ಸಿಕ್ಕರಲ್ಲ, ಇದನ್ನೆಲ್ಲ ಬರೆಸುವುದೇಕೆ, ಮೊದಲಿನ ದೂರನ್ನು ಮುಗಿಸಿದರಾಯಿತು ಎಂದು ಮಾವ ಹೇಳಿದರು. ಬೇಡವೆಂದು ನಾನು ಕೋರಿಕೊಂಡಿದ್ದೇನೆ. ದೂರಿನ ಗುರುತಿನ ಕಾಲಮಿನಲ್ಲಿ ಎರಡೂ ಕಣ್ಣಿನ ಬಣ್ಣವನ್ನು ಸೇರಿಸಬೇಕು, ಮೊದಲು ಬಿಟ್ಟದ್ದು ನಾನು ಎಂದೂ ಇರಬೇಕು.

ಇಷ್ಟು ನಾನು ಹೇಳಿದ್ದು, ಹೇಳಿದ್ದೆಲ್ಲ ನಿಜ, ಈ ಸಲ ಏನನ್ನೂ ಬಿಟ್ಟಿಲ್ಲ. ಓದಿ ಹೇಳುತ್ತೇವೆ, ಕೇಳಿ ಸಹಿ ಮಾಡಿ ಎಂದು ಬರೆದುಕೊಂಡವರು ತಿಳಿಸಿದರು. ಗಂಟೆ 5.54 ಆಗಿರುವುದರಿಂದ, ರಸ್ತೆ ದಾಟಬೇಕಾಗಿರುವುದರಿಂದ, ಓದಿಸಿ ಕೇಳದೆ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನ: ಶನಿವಾರ, ಸಂಜೆ 5.54
(ಸಹಿ)