ಹೆಸರಿನ ಪಕ್ಕದ ಅಕ್ಷರ

ಅಧ್ಯಕ್ಷತೆ ವಹಿಸಿರುವ ಮುಖ್ಯ ನ್ಯಾಯಾಧೀಶರೇ, ವೇದಿಕೆಯ ಮೇಲಿರುವ ನ್ಯಾಯಾಧೀಶೆ ಥೆಲ್ಮಾ ಹ್ಯಾಡಕ್ ಅವರೇ, ಸಹೋದ್ಯೋಗಿಗಳೇ, ಸಭಿಕರೇ,

ಈ ರಾಜ್ಯದ ಮೇಲ್ಮನವಿ ನ್ಯಾಯಾಲಯದ ಗುಮಾಸ್ತನಾಗಿ ಮೂವತ್ತೊಂದು ವರ್ಷ, ನ್ಯಾಯಾಧೀಶರು ಒಳಬರುವಾಗಲೆಲ್ಲ "ಎಲ್ಲರೂ ಎದ್ದು ನಿಲ್ಲಿ" ಎಂದು ಕೂಗಿದೆ. ಇಂದು ನಿವೃತ್ತಿಯ ದಿನ ನೀವೆಲ್ಲ ಕುಳಿತಿದ್ದೀರಿ, ನಾನೊಬ್ಬನೇ ನಿಂತಿದ್ದೇನೆ.

ನಮ್ಮ ರಾಜ್ಯದಲ್ಲಿ ನ್ಯಾಯಾಧೀಶರನ್ನೂ ಜನರೇ ಮತ ಹಾಕಿ ಆರಿಸುತ್ತಾರೆ; ನಾನು ಸೇರಿದಾಗ ಮತಪತ್ರದಲ್ಲಿ ಅವರ ಹೆಸರಷ್ಟೇ ಇರುತ್ತಿತ್ತು. ಆಮೇಲೆ ಪಕ್ಕದಲ್ಲಿ ಪಕ್ಷದ ಅಕ್ಷರ ಬಂತು. ರಿಪಬ್ಲಿಕನ್ನರಿಗೆ ಆರ್, ಡೆಮಾಕ್ರಟರಿಗೆ ಡಿ. ಒಂದು ಅಕ್ಷರ ಏನು ಮಾಡೀತು? ಮೊದಲು ವಕೀಲರು ನನ್ನ ಮೇಜಿಗೆ ಬಂದು, ತೀರ್ಪಿನಲ್ಲಿ ಏನು ಬರೆದಿದ್ದಾರೆ ಎಂದು ಕೇಳುತ್ತಿದ್ದರು. ಈಗ ಯಾರು ಬರೆದಿದ್ದಾರೆ ಎಂದು ಕೇಳುತ್ತಾರೆ. ನಾನೇನು ಬೇರೆಯವನೇ? ನಾನೂ ಮೊದಲು ಸಹಿಯನ್ನೇ ನೋಡತೊಡಗಿದೆ.

ನನ್ನ ಅಕ್ಕ ಲೊರೀನ್‌ಳ ವಿಷಯ ಹೇಳಬೇಕು. ರಸ್ತೆ ಅಗಲ ಮಾಡಲು ಕೌಂಟಿ ಆಡಳಿತದವರು ಅವಳ ಅಂಗಳವನ್ನೂ ಎರಡು ಪೆಕಾನ್ ಮರಗಳನ್ನೂ ತೆಗೆದುಕೊಂಡರು. ಕೆಳಗಿನ ಕೋರ್ಟಿನಲ್ಲಿ ಸೋತಳು. ಒಂದು ಭಾನುವಾರ ಊಟಕ್ಕೆ ಕುಳಿತಾಗ, ಮೇಲ್ಮನವಿಗೆ ಎಷ್ಟು ದಿನ ಇದೆಯೋ ಎಂದು ಕೇಳಿದಳು. ಮೂವತ್ತು ದಿನ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ಕೋರ್ಟಿನ ನೌಕರ ಕಾನೂನು ಸಲಹೆ ಕೊಡಬಾರದು ಎಂದು ನಾನು ತಿಳಿದಿದ್ದೆ. "ವಕೀಲರನ್ನ ಕೇಳು" ಎಂದೆ. ಅವಳು ವಕೀಲರನ್ನು ಹುಡುಕುವಷ್ಟರಲ್ಲಿ ಮೂವತ್ತನಾಲ್ಕು ದಿನವಾಗಿತ್ತು.

ಗಡುವು ಮೀರಿತೆಂದು ಮೇಲ್ಮನವಿ ವಜಾ ಆಯಿತು. ಸಹಿ ಹ್ಯಾಡಕ್ ಅವರದು. ಅವರು ಡಿ. ನಮ್ಮ ಮನೆ ಅಪ್ಪನ ಕಾಲದಿಂದ ಆರ್.

ಆ ತೀರ್ಪನ್ನು ನಾನು ನಾಲ್ಕು ಸಲ ಓದಿದೆ, ಹುಳುಕು ಹುಡುಕುತ್ತಾ. ಸಿಗಲಿಲ್ಲ. ಆದರೂ ಅವರ ಕೊಠಡಿಗೆ ಹೋಗಿ, ಅಕ್ಕ ನಿಮ್ಮ ಪಕ್ಷದ ಮನೆಯವಳಾಗಿದ್ದರೆ ನಾಲ್ಕು ದಿನ ಮನ್ನಿಸುತ್ತಿದ್ದಿರಾ ಎಂದು ಕೇಳಿಬಿಟ್ಟೆ. ಅವರು ಕನ್ನಡಕ ತೆಗೆದರು. "ಇಲ್ಲ ಅಂದ್ರೆ ನಂಬ್ತೀರಾ ವರ್ನನ್?" ಎಂದರು. ನಾನು ಬಾಗಿಲು ಎಳೆದುಕೊಂಡು ಬಂದೆ. ಆ ನವೆಂಬರಿನ ಚುನಾವಣೆಯಲ್ಲಿ ಅವರ ವಿರುದ್ಧವೇ ಮತ ಹಾಕಿದೆ. ಅಮ್ಮಾ, ನೀವು ಗೆದ್ದದ್ದು ನನ್ನ ದಯೆಯಿಂದಲ್ಲ.

ಲೊರೀನ್‌ಗೆ ತೀರ್ಪನ್ನು ಓದಿ ಹೇಳಿದೆ. ಕೊನೆಯವರೆಗೂ ಕೇಳಿ, "ಆ ಹೆಂಗಸು ಯಾವ ಪಕ್ಷ?" ಎಂದಳು. ಅವಳು ಮತಪತ್ರದಲ್ಲಿ ಪಕ್ಷ ನೋಡಿ ಗುರುತು ಹಾಕುವವಳು, ಹೆಸರು ಓದುವವಳಲ್ಲ. ನಿಜ ಹೇಳಿದರೆ ಸಾಯುವವರೆಗೂ ಮೋಸ ಹೋದೆ ಎಂದುಕೊಂಡಾಳು ಅನ್ನಿಸಿತು. "ಆರ್" ಎಂದುಬಿಟ್ಟೆ.

"ನಮ್ಮವರೇ ಹೇಳಿದ್ಮೇಲೆ ಸರಿಯಾಗೇ ಇರ್ಬೇಕು ಬಿಡು," ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಸಭಿಕರೇ, ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಆದರೆ ಅವಳು ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ಸಭೆ ಮುಗಿದ ಮೇಲೆ ನಮ್ಮ ಪಕ್ಷದ ಆ ನ್ಯಾಯಾಧೀಶೆಯ ಕೈ ಕುಲುಕಬೇಕು, ಪರಿಚಯ ಮಾಡಿಸು ಎಂದು ಬೆಳಿಗ್ಗೆ ಕೇಳಿದಳು.

ಲೊರೀನ್, ಅವರು ನಮ್ಮ ಪಕ್ಷದವರಲ್ಲ. ತೀರ್ಪು ಮಾತ್ರ ಸರಿಯಾಗಿತ್ತು. ತಪ್ಪಿದ್ದು ನಾನು, ಆ ಭಾನುವಾರ, ನಿನ್ನ ಊಟದ ಮೇಜಿನಲ್ಲಿ. ಎಷ್ಟು ದಿನ ಇದೆ ಎಂದು ಹೇಳಿದರೆ ಅದು ಸಲಹೆಯಾಗುವುದಿಲ್ಲ, ಬರೀ ನಿಯಮ ಎಂದು ಆಮೇಲೆ ತಿಳಿಯಿತು. ಯಾರು ಕೇಳಿದ್ದರೂ ಹೇಳಬಹುದಿತ್ತು.

ಅವರ ಕೈ ಕುಲುಕುವುದು ಬಿಡುವುದು ನಿನಗೆ ಬಿಟ್ಟದ್ದು. ನಾನು ಬಂದಿರುವುದು ನಿನ್ನ ಕಾರಿನಲ್ಲಿ, ಮನೆಗೆ ಹೋಗಬೇಕಾದ್ದೂ ಅದರಲ್ಲೇ, ಅದಷ್ಟು ನೆನಪಿರಲಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ಕೃತಜ್ಞ. ನಮಸ್ಕಾರ.