ಕೇಳದೆ ಹೊಗಳಿದ ಶುದ್ಧಕಲ್ಯಾಣ

ಶ್ರಾವಣದಲ್ಲಿ ಶ್ರವಣ ಮಾಡಬೇಕು ಎಂದು ಹಿರಿಯರು ಹೇಳಿದರು. ನೀವು ಮಠದ ಪ್ರವಚನಕ್ಕೆ ಬಂದು ಕೂತಿದ್ದೀರಿ, ಸಂತೋಷ. ಆದರೆ ಕೂತವರೆಲ್ಲ ಕೇಳುತ್ತಿದ್ದಾರೆಯೇ? ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಕದ ಇಡಲಿಲ್ಲ. ಹಗಲು ರಾತ್ರಿ ತೆರೆದೇ ಇರುತ್ತದೆ. ಆದರೂ ಒಳಗೆ ಹೋಗುವುದು ಎಷ್ಟು? ನೋಡಿ, ಅಲ್ಲಿ ಕಂಬಕ್ಕೆ ಒರಗಿದ ಯಜಮಾನರು ಈಗ 'ಹೌದು, ಹೌದು' ಎಂದು ತಲೆಯಾಡಿಸಿದರು. ನಾನು ಕೇಳಿದ್ದು 'ಎಷ್ಟು?' ಎಂದು. ಅದಕ್ಕೆ ಹೌದು ಎಂದರೆ ಏನರ್ಥ? ನಗಬೇಡಿ ತಾಯಂದಿರೇ. ಅವರನ್ನು ನೋಡಿ ನಕ್ಕವರಿಗೇ ಈ ಕಥೆ.

ಒಂದು ಪೇಟೆ ಊರು. ಆ ಊರಿನಲ್ಲಿ ಹತ್ತಿ ಗಿರಣಿಯ ಸಾಹುಕಾರರು, ಚನ್ನಮಲ್ಲಪ್ಪ ಎಂದು. ದೃಷ್ಟಾಂತದಲ್ಲಿ ಶ್ರೀಮಂತ ಬಂದ ಕೂಡಲೇ ನೀವು 'ಜಿಪುಣನೇ ಇರಬೇಕು' ಎಂದು ತೀರ್ಪು ಕೊಟ್ಟುಬಿಡುತ್ತೀರಿ. ಇವರು ಹಾಗಲ್ಲ. ಒಳ್ಳೆಯವರು. ಕರೆದಲ್ಲಿಗೆ ಹೋಗುವವರು, ಬಂದವರಿಗೆ ಉಣ್ಣಿಸಿ ಕಳಿಸುವವರು. ಅವರಿಗೆ ಇದ್ದದ್ದು ಒಂದೇ ಹುಚ್ಚು, ಗ್ರಾಮಫೋನಿನ ಪ್ಲೇಟುಗಳದ್ದು. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಊಟದ ತಟ್ಟೆಯಷ್ಟು ಅಗಲದ ಕರಿಯ ತಟ್ಟೆ, ತಿರುಗುತ್ತಿರುವಾಗ ಮೇಲೆ ಸೂಜಿ ಇಟ್ಟರೆ ಹಾಡುತ್ತದೆ. ಯಾವುದಾದರೂ ದೊಡ್ಡ ಗವಾಯಿಯ ಪ್ಲೇಟು ಬಂದರೆ, ಪತ್ರಿಕೆಯವರು 'ಅದ್ಭುತ' ಎಂದು ಬರೆದರೆ ಸಾಕು, ಸಾಹುಕಾರರು ಮುಂಬಯಿಯಿಂದ ತರಿಸುತ್ತಿದ್ದರು. ಪಡಸಾಲೆಯಲ್ಲಿ ಗಾಜಿನ ಕಪಾಟು. ಅದರಲ್ಲಿ ಸಾಲಾಗಿ ನಿಲ್ಲಿಸಿದ ಪ್ಲೇಟುಗಳು. ಬಂದವರಿಗೆ ಚಹಾ ಬರುವ ಮೊದಲು ಕಪಾಟಿನ ದರ್ಶನ.

ಇಷ್ಟೆಲ್ಲ ತರಿಸಿದವರು ಎಷ್ಟು ಕೇಳಿದ್ದರು? ಒಂದೂ ಇಲ್ಲ.

ಮೋಸ ಮಾಡಬೇಕು ಎಂದಲ್ಲ. ಕೇಳಬೇಕು ಎಂದೇ ತರಿಸುತ್ತಿದ್ದರು. ಈ ಹಂಗಾಮು ಮುಗಿಯಲಿ, ಕೂತು ಕೇಳೋಣ. ಮಗಳ ಮದುವೆ ಆಗಲಿ, ಕೇಳೋಣ. ಗಿರಣಿಗೆ ಹೊಸ ಯಂತ್ರ ಬರಲಿ, ಆಮೇಲೆ ನಿಶ್ಚಿಂತೆಯಿಂದ ಕೇಳೋಣ. ಅಷ್ಟರಲ್ಲಿ ಯಾರಾದರೂ ಮನೆಗೆ ಬಂದು 'ಹೆಂಗೈತಿ ಈ ಪ್ಲೇಟು?' ಎಂದರೆ, ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿಬಿಡುತ್ತಿದ್ದರು. ಹೇಳಿ ಹೇಳಿ ಕೊನೆಗೆ ಅವರಿಗೇ ತಾವು ಕೇಳಿದ್ದೇವೆ ಎನಿಸಿಬಿಟ್ಟಿತ್ತು. ಇದು ಸುಳ್ಳಿಗಿಂತ ಸೂಕ್ಷ್ಮವಾದ ರೋಗ. ಸುಳ್ಳುಗಾರನಿಗೆ ತಾನು ಸುಳ್ಳು ಹೇಳುತ್ತಿದ್ದೇನೆ ಎಂದಾದರೂ ಗೊತ್ತಿರುತ್ತದೆ.

ಆ ಕಪಾಟಿನಲ್ಲಿ ಎಲ್ಲಕ್ಕಿಂತ ಮುಂದೆ ಇದ್ದದ್ದು ತುಳಸಾಬಾಯಿ ಎಂಬ ಗಾಯಕಿಯ ಶುದ್ಧಕಲ್ಯಾಣ. ಸಂಜೆಯ ರಾಗ. ಆ ಪ್ಲೇಟಿಗೆ ಆಗ ಇದ್ದ ಹೆಸರು ಅಷ್ಟಿಷ್ಟಲ್ಲ. ಸಂಗೀತ ಗೊತ್ತಿದ್ದವರು ಹೊಗಳಿದರು. ಗೊತ್ತಿಲ್ಲದವರು ಇನ್ನೂ ಜೋರಾಗಿ ಹೊಗಳಿದರು. ತುಳಸಾಬಾಯಿಯವರಿಗೆ ವಯಸ್ಸಾಗಿತ್ತು. ಹಾಡುವುದನ್ನು ನಿಲ್ಲಿಸಿ ಕೆಲವು ವರ್ಷಗಳಾಗಿದ್ದವು. ಯಾಕೆ ಬಿಟ್ಟರು ಎಂದು ಯಾರೂ ಕೇಳಲಿಲ್ಲ. ವಯಸ್ಸಾಯಿತು, ಬಿಟ್ಟರು ಎಂದುಕೊಂಡರು. ಚನ್ನಮಲ್ಲಪ್ಪನವರು ಊರಿನವರನ್ನು ಸೇರಿಸಿ, ಬಾಯಿಯವರಿಗೆ ನಮ್ಮಲ್ಲಿ ಒಂದು ಸನ್ಮಾನ ಆಗಬೇಕು ಎಂದರು. ಹೋಗಿ ಕರೆದರು. 'ಹಾಡೂದಿಲ್ಲಪಾ. ಶಾಲು ಹೊದಸ್ತೀನಿ ಅಂದ್ರ ಬರ್ತೀನಿ, ಹೊದ್ದುಕೊಂಡು ಹೊಳ್ಳಿ ಬರ್ತೀನಿ' ಎಂದರು ಆ ಮುದುಕಿ. ಸರಿ ಎಂದು ಒಪ್ಪಿದರು.

ಸಂಜೆಗೆ ಸಭೆ. ಮಧ್ಯಾಹ್ನ ಸಾಹುಕಾರರ ಮನೆಯಲ್ಲಿ ಊಟ. ಸಾಹುಕಾರರ ಮಡದಿ ನಿಂಬವ್ವ. ಮಾತು ಕಡಿಮೆ, ಕೈ ದೊಡ್ಡದು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ ಎಲ್ಲ ಮಾಡಿದ್ದಳು. ಬಾಯಿಯವರು ಮಣೆಯ ಮೇಲೆ ಕೂತರು, ಎದುರಿಗೆ ಸಾಹುಕಾರರು. ಮೊದಲನೆಯ ತುತ್ತು ಎತ್ತುವ ಮೊದಲೇ ಸಾಹುಕಾರರು ಶುರು ಮಾಡಿದರು.

"ಬಾಯಾರ, ನಿಮ್ಮ ಶುದ್ಧಕಲ್ಯಾಣ ಅಂದ್ರ... ಏನ್ ಹೇಳ್ಲಿ! ಸ್ವರ್ಗಕ್ಕ ಮೂರ ಗೇಣ."

ಬಾಯಿಯವರು ನಕ್ಕರು. "ಯಾವ ಜಾಗಾ ಹಿಡಿಸ್ತ್ರಿ ನಿಮಗ?"

"ಜಾಗಾ..." ಸಾಹುಕಾರರು ಹೋಳಿಗೆ ಮುರಿದರು. "ಎಲ್ಲಾ ಜಾಗಾನೂ ಹಿಡಿಸ್ತರಿ."

ಬಾಯಿಯವರು ಮತ್ತೆ ನಕ್ಕರು. ಆ ನಗೆಯಲ್ಲಿ ಸಿಟ್ಟಿರಲಿಲ್ಲ, ಆಶೆಯೂ ಇರಲಿಲ್ಲ. ಇಂಥ ಉತ್ತರ ಅವರಿಗೆ ಹೊಸದಲ್ಲ. ಸುಮ್ಮನೆ ಕೇಳಬೇಕು ಎಂದು, ತುಪ್ಪ ಬಡಿಸಲು ಬಂದ ನಿಂಬವ್ವನ ಕಡೆಗೆ ತಿರುಗಿದರು.

"ನೀವು ಕೇಳೀರೇನವ್ವ?"

"ಆಕೀಗೆಲ್ಲಿ ತಿಳೀತೈತ್ರಿ ಅದೆಲ್ಲಾ" ಎಂದರು ಸಾಹುಕಾರರು, ಪ್ರೀತಿಯಿಂದಲೇ.

"ಕೇಳೀನ್ರಿ" ಎಂದಳು ನಿಂಬವ್ವ.

ಸಾಹುಕಾರರು ತಲೆ ಎತ್ತಿದರು. ಗಂಡ ಗಿರಣಿಗೆ ಹೋದ ಮೇಲೆ, ಮಧ್ಯಾಹ್ನದ ಹೊತ್ತು, ಕೆಲಸ ಮುಗಿಸಿ ಈ ತಾಯಿ ಒಂದೊಂದೇ ಪ್ಲೇಟು ತೆಗೆದು ಹಾಕಿಕೊಂಡು ಕೇಳುತ್ತಿದ್ದಳು. ವರ್ಷಗಟ್ಟಲೆ ಕೇಳಿದ್ದಳು. ಮುಚ್ಚಿಟ್ಟಿದ್ದಳೇ? ಇಲ್ಲ. ಯಾರೂ ಅವಳನ್ನು ಕೇಳಿರಲಿಲ್ಲ, ಅಷ್ಟೇ.

"ಹೆಂಗನಿಸ್ತು?" ಬಾಯಿಯವರು ಕೇಳಿದರು.

ನಿಂಬವ್ವ ತುಪ್ಪದ ಗಿಂಡಿ ಕೆಳಗಿಟ್ಟಳು. ಎಲ್ಲರಂತೆ 'ಚಲೋ ಐತ್ರಿ' ಎಂದುಬಿಟ್ಟಿದ್ದರೆ ಊಟ ಸರಾಗವಾಗಿ ಮುಂದುವರಿಯುತ್ತಿತ್ತು. ಆದರೆ ಅವಳು ನಿಜವಾಗಿ ಕೇಳಿದ್ದಳು. ಕೇಳಿದವರಿಗೆ ಸುಳ್ಳು ಹೇಳುವುದು ಕಷ್ಟ.

"ಸಿಟ್ಟಾಗಬ್ಯಾಡ್ರಿ ಬಾಯಾರ. ನಂಗ ಅದು ಹಿಡಿಸಲಿಲ್ಲರಿ."

"ಏ!" ಎಂದರು ಸಾಹುಕಾರರು. ಅವರ ಮುಖದ ಬಣ್ಣವೇ ಹೋಯಿತು. ಮನೆಗೆ ಬಂದ ದೊಡ್ಡವರು, ಸಂಜೆಗೆ ಸನ್ಮಾನ, ಎಲೆಯ ಮುಂದೆ ಕೂತಿದ್ದಾರೆ. ಇದೇನು ಮಾತು! "ಬಾಯಾರ, ಮನಸಿಗೆ ಹಚ್ಕೋಬ್ಯಾಡ್ರಿ, ಆಕಿ..."

ಬಾಯಿಯವರು ಎಡಗೈ ಎತ್ತಿ ಅವರನ್ನು ತಡೆದರು. "ನೀವು ಸುಮ್ಮನಿರ್ರಿ ಸಾಹುಕಾರ್ರ. ಯಾಕ ಹಿಡಿಸಲಿಲ್ಲವ್ವ? ಹೇಳು."

"ನಾ ಕಲತಾಕಿ ಅಲ್ರಿ. ಎಲ್ಲಿ ತಪ್ಪೈತಿ, ತಪ್ಪೈತೋ ಇಲ್ಲೋ, ಹೇಳಾಕ ನಂಗ ಬರೂದಿಲ್ಲ. ಮಂದಿ ಎಲ್ಲಾ ಹೊಗಳತಾರ, ನನ್ನ ಕಿವೀನ ಸರಿ ಇಲ್ಲೇನೋ ಅಂತ ಮತ್ತ ಮತ್ತ ಹಾಕಿ ಕೇಳಿದ್ನಿ. ಕೇಳಿದಾಗೆಲ್ಲ ನೀವು ಬಾಗಲದಾಗ ಚಪ್ಪಲಿ ಮೆಟ್ಟಿಕೊಂಡು ನಿಂತು ಹಾಡಾಕತ್ತೀರಿ ಅನಿಸತೈತ್ರಿ. ಎಲ್ಲಿಗೋ ಹೋಗೂ ಅವಸರ ಇದ್ದಂಗ. ಕುಂತ ಹಾಡಿಲ್ಲ ನೀವು."

ಬಾಯಿಯವರ ಕೈ ಎಲೆಯ ಮೇಲೆ ಹಾಗೇ ನಿಂತಿತು. ಕಣ್ಣು ತುಂಬಿ ಬಂತು. ಸಾಹುಕಾರರು ಮುಗಿಯಿತು ಎಂದುಕೊಂಡರು. ಆದರೆ ಆ ಮುದುಕಿ ಅಳುತ್ತಲೇ ನಗತೊಡಗಿದರು.

"ನಿಜ ಅದವ್ವ. ನಿಂತಿದ್ದೆ. ಬಾಗಲದಾಗ ನಿಂತಿದ್ದೆ."

ಆಮೇಲೆ ಹೇಳಿದರು. ಅವರಿಗೆ ಒಬ್ಬ ತಂಗಿ, ಚಂಪಾ. ಬಾಯಿಯವರು ಎಲ್ಲಿ ಹಾಡಿದರೂ ಹಿಂದೆ ಕೂತು ತಂಬೂರಿ ಮೀಟುತ್ತಿದ್ದವಳು ಅವಳೇ. ರೆಕಾರ್ಡಿಂಗಿಗೆ ಎಂದು ಇಬ್ಬರೂ ಮುಂಬಯಿಗೆ ಹೋದರು. ಹೋದ ದಿನವೇ ತಂಗಿಗೆ ವಿಪರೀತ ಜ್ವರ, ಆಸ್ಪತ್ರೆಗೆ ಸೇರಿಸಬೇಕಾಯಿತು. ಕಂಪನಿಯವರು, ದಿನ ಗೊತ್ತಾಗಿದೆ, ಹಾಡಿ ಹೋಗಿಬಿಡಿ ಎಂದರು. ಯಾರೋ ತಂಬೂರಿ ಹಿಡಿದರು, ಬಾಯಿಯವರು ಹಾಡಿದರು. ಗಂಟಲು ಅಲ್ಲಿ, ಜೀವ ಆಸ್ಪತ್ರೆಯಲ್ಲಿ. ತಂಗಿ ಬದುಕಿದಳು. ಪ್ಲೇಟು ಬಂತು, ದೇಶವೆಲ್ಲ ಹೊಗಳಿತು. ತಂಗಿ ಮಾತ್ರ ಒಮ್ಮೆ ಕೇಳಿ, 'ಅಕ್ಕಾ, ಇದರಾಗ ನೀ ಎಲ್ಲಿದ್ದಿ?' ಎಂದಳಂತೆ.

"ಚಂಪಾ ತೀರಿಕೊಂಡ ಮ್ಯಾಲೆ ನಂಗ ಹಿಂಗ ಹೇಳಾವ್ರು ಯಾರೂ ಉಳೀಲಿಲ್ಲ. ಎಲ್ಲಿ ಹೋದ್ರೂ ಶುದ್ಧಕಲ್ಯಾಣ, ಶುದ್ಧಕಲ್ಯಾಣ. ಇವರ ಪೈಕಿ ಯಾರರೆ ಕೇಳ್ಯಾರೇನು ಅನಿಸ್ತಿತ್ತು. ಕೇಳಲಾರದವರ ಮುಂದ ಯಾಕ ಹಾಡೂದು ಅಂತ ಬಿಟ್ಟೆ."

ತಾಯಂದಿರೇ, ಹೊಗಳಿಕೆ ಎಲ್ಲರಿಗೂ ಸಿಹಿ ಎಂದು ನಾವು ತಿಳಿದಿದ್ದೇವೆ. ಅಲ್ಲ. ಕೇಳದೆ ಹೊಗಳಿದರೆ ಮನುಷ್ಯ ಒಂಟಿಯಾಗುತ್ತಾನೆ. ಸಾವಿರ ಜನ ಚಪ್ಪಾಳೆ ತಟ್ಟುವ ಸಭೆಯಲ್ಲಿ ಆ ಹೆಣ್ಣುಮಗಳು ಒಬ್ಬಳೇ ಕೂತಿದ್ದಳು. ಯಾರೋ ಒಬ್ಬರು 'ಹಿಡಿಸಲಿಲ್ಲ' ಎಂದ ಮೇಲೆ ಅವಳಿಗೆ ಜೊತೆ ಸಿಕ್ಕಿತು. ಎಂಥ ಸೋಜಿಗ!

"ಮತ್ತ ನಂದ ಯಾವುದೂ ಹಿಡಿಸಿಲ್ಲೇನು ನಿನಗ?" ಬಾಯಿಯವರು ಕೇಳಿದರು. ಈಗ ಆ ದನಿಯಲ್ಲಿ ಆಶೆ ಇತ್ತು, ಪರೀಕ್ಷೆ ಬರೆದ ಹುಡುಗಿಯ ಆಶೆ.

"ಅಯ್ಯ, ಹಂಗಂದ್ರ ಹೆಂಗ್ರಿ! ನಿಮ್ಮ ಭೀಮಪಲಾಸಿ ಐತಲ್ರಿ, ಯಾರೂ ಅದರ ಹೆಸರ ತಗಿಯೂದಿಲ್ಲ. ಅದನ್ನ ಹಚ್ಚಿ ಜೋಳ ಹಸನ ಮಾಡಾಕ ಕುಂತಿದ್ನಿ. ಗುಬ್ಬಿ ಬಂದು ಮೊರದಾಗಿನ ಜೋಳ ತಿನ್ನಾಕತ್ತಿದ್ದುವು. ನೋಡಾಕತ್ತೀನಿ, ಹುಶ್ ಅನ್ನಾಕ ಮನಸ ಬರಲಿಲ್ಲರಿ. ತಿನ್ನಲಿ ಬಿಡು ಅನಿಸ್ತು."

ಬಾಯಿಯವರು ಎಂಜಲು ಕೈಯಲ್ಲೇ ನಿಂಬವ್ವನ ಸೆರಗು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಆಮೇಲೆ ಇಬ್ಬರೂ ಏನೇನು ಮಾತಾಡಿದರೋ! ಸಾಹುಕಾರರು ತಮ್ಮ ಮನೆಯಲ್ಲೇ ನೆಂಟರಂತೆ ಕೂತು ಉಂಡರು. ತಮ್ಮ ಹೆಂಡತಿಯನ್ನು ನೋಡಿದರು. ಊರವರ ಮುಂದೆ 'ನಮ್ಮಾಕಿ ಅಂದ್ರ ಸಾಕ್ಷಾತ್ ಅನ್ನಪೂರ್ಣಿ' ಎಂದು ಎಷ್ಟು ಸಲ ಹೇಳಿದ್ದರು! ಆ ಅನ್ನಪೂರ್ಣೆಗೆ ಭೀಮಪಲಾಸಿ ಇಷ್ಟ ಎಂಬುದು ಇಂದು, ಬೇರೆಯವರು ಕೇಳಿದ ಮೇಲೆ, ಅವರಿಗೆ ತಿಳಿಯಿತು.

ಸಂಜೆ ಸಭೆ ಕೂಡಿತು. ಸಾಹುಕಾರರು ಅಧ್ಯಕ್ಷರು. ಶುದ್ಧಕಲ್ಯಾಣದ ಬಗ್ಗೆ ಉದ್ದ ಭಾಷಣ ಸಿದ್ಧ ಮಾಡಿಕೊಂಡಿದ್ದರು. ಮೈಕಿನ ಮುಂದೆ ನಿಂತರು. ಬಾಯಿ ತೆರೆದರು. ಮುಂದಿನ ಸಾಲಿನಲ್ಲಿ ನಿಂಬವ್ವ ಕೂತಿದ್ದಳು. ಸಾಹುಕಾರರಿಗೆ ಆ ಭಾಷಣದ ಒಂದು ಮಾತೂ ಹೊರಡಲಿಲ್ಲ.

"ಬಾಯಾರ ಪ್ಲೇಟು ನನ್ನ ಹಂತ್ಯಾಕ ಐತಿ. ನಾ ಅದನ್ನ ಕೇಳಿಲ್ಲ" ಎಂದರು. "ಇವತ್ತ ಊಟಕ್ಕ ಕುಂತಾಗ ಗೊತ್ತಾತು, ನಾ ಯಾವುದನ್ನೂ ಕೇಳಿಲ್ಲ. ಕೇಳಲಾರದಾವ ಹೊಗಳಬಾರದು. ನಾ ಕುಂದರತೀನಿ." ಹೀಗೆಂದು ವೇದಿಕೆ ಇಳಿದು ಹೆಂಡತಿಯ ಪಕ್ಕಕ್ಕೆ ಹೋಗಿ ಕೂತುಬಿಟ್ಟರು.

ಯಾರಿಗೂ ಏನು ಮಾಡಬೇಕು ಎಂದು ತೋಚಲಿಲ್ಲ. ಆಗ ಬಾಯಿಯವರು, ಹಾಡುವುದಿಲ್ಲ ಎಂದು ಹೇಳಿ ಬಂದಿದ್ದ ಬಾಯಿಯವರು, ಹೊದಿಸಿದ ಶಾಲು ತೆಗೆದು ಪಕ್ಕಕ್ಕಿಟ್ಟರು. "ಒಂದು ತಂಬೂರಿ ಸಿಗತದೇನು?" ಎಂದರು. ಊರ ಭಜನಾ ಮಂಡಳಿಯ ತಂಬೂರಿ ಬಂತು. ಕಾಲು ಮಡಿಚಿ ಕೂತರು. ಹಾಡಿದರು. ಯಾವುದನ್ನು? ಅದೇ ಶುದ್ಧಕಲ್ಯಾಣವನ್ನು.

ದನಿ ಒಡೆದಿತ್ತು. ಮೇಲಿನ ಸ್ವರಕ್ಕೆ ಏರುವಾಗ ಉಸಿರು ಸಾಲುತ್ತಿರಲಿಲ್ಲ. ನಿಲ್ಲುತ್ತಿದ್ದರು, ಉಸಿರು ತಗೊಂಡು ಮತ್ತೆ ಏರುತ್ತಿದ್ದರು. ಅವಸರವೇ ಇರಲಿಲ್ಲ. ನಿಂಬವ್ವ ಕಣ್ಣು ಮುಚ್ಚಿ ಕೂತಿದ್ದಳು, ಕೆನ್ನೆ ಒದ್ದೆಯಾಗಿತ್ತು.

ಸಾಹುಕಾರರಿಗೆ ಆ ಕ್ಷಣಕ್ಕೆ ಜ್ಞಾನೋದಯ ಆಯಿತೇ? ಕಥೆ ಹೇಳುವವರು ಹಾಗೆ ಹೇಳಿಬಿಡುತ್ತಾರೆ. ನಾನು ಹೇಳುವುದಿಲ್ಲ. ಅವರ ಮನಸ್ಸು ಮೊದಲು ಹತ್ತಿಯ ಧಾರಣೆಗೆ ಓಡಿತು. ಹಿಡಿದು ತಂದರು. ನಾಳೆ ಬರಬೇಕಾದ ಲಾರಿಗೆ ಓಡಿತು. ಮತ್ತೆ ತಂದರು. ಹೀಗೆ ಓಡಿ, ತಂದು, ಓಡಿ, ತಂದು, ನಡುವೆ ಎಲ್ಲೋ ಒಂದು ಕಡೆ, ಬಾಯಿಯವರು ಒಂದೇ ಸ್ವರದ ಮೇಲೆ ನಿಂತಾಗ, ಮನಸ್ಸು ಓಡುವುದನ್ನು ಮರೆಯಿತು. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಸಭೆ ಮುಗಿದ ಮೇಲೆ ಹೆಂಡತಿಗೆ ಅದನ್ನೇ ಹೇಳಿದರು: "ಆ ಒಂದ ಜಾಗಾದಾಗ ನಂಗೂ ಏನೋ ಆತು ನೋಡ." ನಿಂಬವ್ವ, "ಯಾವ ಜಾಗಾ?" ಎಂದಳು. ಈ ಸಲ ಸಾಹುಕಾರರಿಗೆ ಉತ್ತರ ಗೊತ್ತಿತ್ತು.

ಮರುದಿನದಿಂದ ಮಧ್ಯಾಹ್ನ ಗಿರಣಿಯಿಂದ ಮನೆಗೆ ಬರತೊಡಗಿದರು. "ಯಾವುದರೆ ಹಚ್ಚು" ಎನ್ನುತ್ತಿದ್ದರು. ಇಬ್ಬರೂ ಕೂತು ಕೇಳುತ್ತಿದ್ದರು. ಜಗವೆಲ್ಲ ಹೊಗಳಿದ ಕೆಲವು ಪ್ಲೇಟುಗಳು ಅವರಿಗೆ ಹಿಡಿಸಲೇ ಇಲ್ಲ. ನಿಂಬವ್ವನ ಭೀಮಪಲಾಸಿಯೂ ಹಿಡಿಸಲಿಲ್ಲ! ಹೆದರಿ ಹೆದರಿ ಹೇಳಿದರು: "ನಂಗ ಇದು ಹತ್ತವಲ್ದು ನೋಡ." ಅವಳು ಸಿಟ್ಟಾದಳೇ? "ಪೂರಾ ಕೇಳಿ ಹೇಳಿದ್ರೆಲ್ಲ, ಅಷ್ಟ ಸಾಕು" ಎಂದು ನಕ್ಕು, ಪ್ಲೇಟು ತಿರುವಿ ಹಾಕಿದಳು.

ಇದು ಸಾಹುಕಾರರ ಕಥೆ. ಈಗ ನಿಮ್ಮ ಕಡೆಗೆ ಬರುತ್ತೇನೆ.

ನಿಮ್ಮ ಮನೆಯಲ್ಲಿ ಗ್ರಾಮಫೋನ್ ಇಲ್ಲದಿರಬಹುದು. ಆದರೆ ದೇವರ ಜಗುಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ವಚನದ ಪುಸ್ತಕ ಇದೆ. ಸೋಮವಾರಕ್ಕೊಮ್ಮೆ ವಿಭೂತಿ ಹಚ್ಚುತ್ತೀರಿ. ಗಂಟು ಬಿಚ್ಚಿದ್ದು ಯಾವಾಗ? ಶರಣರು ದೊಡ್ಡವರು ಎನ್ನುತ್ತೀರಿ. ಎಷ್ಟು ದೊಡ್ಡವರು? ಯಾವ ಮಾತಿನಿಂದ ದೊಡ್ಡವರು? 'ಎಲ್ಲಾ ಮಾತಿನಿಂದಲೂ ರೀ ಅಜ್ಜಾರ' ಎಂದು ಹೋಳಿಗೆ ಮುರಿಯುತ್ತೀರಿ! ಬಿಚ್ಚಿ. ಓದಿ. ಓದಿದ್ದು ಹಿಡಿಸದಿದ್ದರೆ ಮಠಕ್ಕೆ ಬಂದು, 'ಅಜ್ಜಾರ, ಇದು ನಂಗ ಹತ್ತಲಿಲ್ಲ' ಎಂದು ಹೇಳಿ. ನಾನು ಸಿಟ್ಟಾಗುವುದಿಲ್ಲ, ಶರಣರಂತೂ ಆಗುವುದೇ ಇಲ್ಲ. ಪೂಜೆ ಮಾಡಿ ಕಟ್ಟಿಡುವವನಿಗಿಂತ ಓದಿ ಜಗಳಕ್ಕೆ ಬರುವವನು ಅವರಿಗೆ ಹತ್ತಿರದವನು.

ಊಟಕ್ಕೆ ಕೂತಾಗ, ತುತ್ತು ಬಾಯಿಗೆ ಹೋಗುವ ಮೊದಲೇ 'ಚಲೋ ಆಗೇತಿ' ಎನ್ನುವ ಗಂಡಸರೇ, ಅದು ಹೊಗಳಿಕೆಯಲ್ಲ, ಬಾಯಿ ಮುಚ್ಚಿಸುವ ಉಪಾಯ. ಅಗಿಯಿರಿ, ನುಂಗಿ, ಆಮೇಲೆ ಹೇಳಿ. ಮಗ ಬರೆದದ್ದು ತೋರಿಸಿದರೆ, ನೋಡದೆ 'ಶಾಣ್ಯಾ' ಎಂದು ಬೆನ್ನು ತಟ್ಟುವ ತಾಯಂದಿರೇ, ಅವನಿಗೆ ಗೊತ್ತಾಗುತ್ತದೆ. ಮಕ್ಕಳಿಗೆ ಬಹಳ ಬೇಗ ಗೊತ್ತಾಗುತ್ತದೆ. ಒಂದು ಗಳಿಗೆ ಕೂತು ಓದಿ, 'ಈ ಸಾಲು ನನಗೆ ತಿಳಿಯಲಿಲ್ಲ' ಎಂದು ಹೇಳಿ. ಅವನ ಮುಖ ಆಗ ನೋಡಿ.

ದಿನಾ ಪ್ರವಚನ ಮುಗಿದ ಮೇಲೆ ನೀವು ಸಾಲಾಗಿ ಬಂದು 'ಭಾಳ ಚಲೋ ಹೇಳಿದ್ರಿ' ಎಂದು ಕಾಲು ಮುಟ್ಟುತ್ತೀರಿ. ಇಂದು ಬೇಡ. ಇಂದು ಇಷ್ಟು ಮಾಡಿ. ಪ್ರಸಾದಕ್ಕೆ ಏಳುವ ಮೊದಲು ಪಕ್ಕದಲ್ಲಿ ಕೂತವರ ಕಡೆ ತಿರುಗಿ. ದಿನಾ ಕೇಳುವ ಮಾತನ್ನೇ ಕೇಳಿ: 'ಆರಾಮದೀರೇನ್ರಿ?' ದಿನಾ ನಾವು ಈ ಮಾತು ಕೇಳಿ, ಉತ್ತರ ಬರುವ ಮೊದಲೇ ಮುಂದಕ್ಕೆ ಹೋಗಿಬಿಡುತ್ತೇವೆ. ಇಂದು ಹೋಗಬೇಡಿ. ಕೇಳಿ, ನಿಲ್ಲಿ. ಅವರು ಮೊದಲು 'ಹೂಂ, ಆರಾಮ' ಎನ್ನುತ್ತಾರೆ. ಆಗಲೂ ಹೋಗಬೇಡಿ, ಇನ್ನೂ ಸ್ವಲ್ಪ ನಿಲ್ಲಿ. ಅದರ ನಂತರ ಬರುತ್ತದಲ್ಲ, ಅದು ಉತ್ತರ. ಪ್ರಸಾದ ಆರಿದರೆ ಆರಲಿ, ಮತ್ತೆ ಬಿಸಿ ಮಾಡಿಸುತ್ತೇನೆ.